ಪ್ರಶ್ನಿಸಲು ಕಲಿಸಿದ ಗುರು ಡಿರೋಜಿಯೊ

ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ ಅವರು 1809ರ ಏಪ್ರಿಲ್ 18ರಂದು ಕಲ್ಕತ್ತೆಯ ಯುರೇಷಿಯನ್ ಕುಟುಂಬವೊಂದರಲ್ಲಿ ಜನಿಸಿದರು. ಡೇವಿಡ್ ಡ್ರಮಂಡ್ ಅವರ ಶಾಲೆಯಲ್ಲಿ ಓದಿ, ಕೆಲಕಾಲ ಭಾಗಲ್ಪುರದ ನೀಲಿ ತಯಾರಿಕೆಯ ಕೆಲಸದಲ್ಲಿದ್ದು, 1826ರಲ್ಲಿ ಹಿಂದೂ ಕಾಲೇಜಿನ ಅಧ್ಯಾಪಕರಾದರು. ಆಗ ಅವರ ವಯಸ್ಸು ಕೇವಲ 17. ಶಿಷ್ಯರಲ್ಲಿ ಹಲವರು ಅವರಿಗಿಂತ ಕೆಲವೇ ವರ್ಷ ಕಿರಿಯರು.

ತರಗತಿಯ ಅವಧಿ ಅವರಿಗೆ ಸಾಲದಾಯಿತು. 1828ರಲ್ಲಿ ವಿದ್ಯಾರ್ಥಿಗಳೊಡನೆ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಸಂಘವನ್ನು ಕಟ್ಟಿದರು. ಸಭೆಗಳು ಮಾಣಿಕತಲಾದ ತೋಟದ ಮನೆಯಲ್ಲಿ ನಡೆಯುತ್ತಿದ್ದವು, ಡಿರೋಜಿಯೊ ಅಧ್ಯಕ್ಷರು. ವಿಧಿ, ಇಚ್ಛಾಸ್ವಾತಂತ್ರ್ಯ, ದೇಶಪ್ರೇಮ, ವಿಗ್ರಹಾರಾಧನೆ, ದೇವರ ಅಸ್ತಿತ್ವ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಪರ-ವಿರೋಧಗಳೆರಡನ್ನೂ ಕೇಳಿ, ತಾವೇ ವಿವೇಚಿಸಿ ನಿರ್ಣಯಕ್ಕೆ ಬರುವುದನ್ನು ಅವರು ಯುವಕರಿಗೆ ಕಲಿಸಿದರು. ಡೇವಿಡ್ ಹೇರ್ ಅವರಂಥ ಹಿರಿಯರೂ ಬಂದು ಕೇಳುತ್ತಿದ್ದರು.

ಕೆಲ ಶಿಷ್ಯರು ಯೌವನದ ಆವೇಶದಲ್ಲಿ ಆಚಾರಗಳನ್ನು ಬಹಿರಂಗವಾಗಿ ಮೀರಿದಾಗ ಪೋಷಕರು ಕಳವಳಗೊಂಡರು. ನಾಸ್ತಿಕತೆಯನ್ನೂ ಮಾತಾಪಿತೃಗಳ ಅನಾದರವನ್ನೂ ಬೋಧಿಸಿದರೆಂಬ ಆರೋಪ ಗುರುವಿನ ಮೇಲೆ ಬಂತು. 1831ರ ಏಪ್ರಿಲ್‌ನಲ್ಲಿ ಆಡಳಿತ ಮಂಡಳಿ ವಿಚಾರಣೆಗೂ ಕರೆಯದೆ ಅವರನ್ನು ಕೈಬಿಡಲು ತೀರ್ಮಾನಿಸಿತು. ಅವರು ರಾಜೀನಾಮೆಯಿತ್ತು, ಆರೋಪಗಳನ್ನು ಪತ್ರಮುಖೇನ ನಿರಾಕರಿಸಿದರು. ಎರಡೂ ಮಗ್ಗುಲು ಕೇಳಬೇಕೆಂದು ಕಲಿಸಿದವರ ಮಾತನ್ನೇ ಯಾರೂ ಕೇಳಲಿಲ್ಲ.

ಬಳಿಕ ಈಸ್ಟ್ ಇಂಡಿಯನ್ ಪತ್ರಿಕೆಯನ್ನು ನಡೆಸಿದರು. ಅದೇ ಡಿಸೆಂಬರ್ 26ರಂದು, 22ನೆಯ ವಯಸ್ಸಿನಲ್ಲಿ, ಕಾಲರಾ ಅವರನ್ನು ಬಲಿತೆಗೆದುಕೊಂಡಿತು.

ಆದರೆ ಸಂಘದ ಚೇತನ ಆರಲಿಲ್ಲ. ಅವರ ಶಿಷ್ಯರು 1838ರಲ್ಲಿ ಸಾಮಾನ್ಯ ಜ್ಞಾನಾರ್ಜನೆಗಾಗಿ ಮತ್ತೊಂದು ಸಭೆಯನ್ನು ಸ್ಥಾಪಿಸಿದರು. ಕೃಷ್ಣಮೋಹನ ಬ್ಯಾನರ್ಜಿ ವಿದ್ವಾಂಸರಾದರು; ರಾಮತನು ಲಾಹಿರಿ ಆದರ್ಶ ಶಿಕ್ಷಕರೆನಿಸಿದರು; ಪ್ಯಾರಿಚಾಂದ್ ಮಿತ್ರ ಬಂಗಾಳಿ ಗದ್ಯಕ್ಕೆ ಆಡುಮಾತಿನ ಜೀವ ತುಂಬಿದರು. ಐದು ವರ್ಷವೂ ತುಂಬದ ಅಧ್ಯಾಪನ ಒಂದು ಪೀಳಿಗೆಯನ್ನೇ ರೂಪಿಸಿತು. ನಮ್ಮ ಕಾಲೇಜುಗಳ ಸಂಘಗಳು ಉದ್ಘಾಟನೆ, ಸಮಾರೋಪಗಳಲ್ಲಿಯೇ ಮುಗಿದುಹೋಗದಿರಲಿ.