ಹೃದಯದ ನಾಳಕ್ಕೆ ಬಲೂನು ತಂದ ಡಾ. ಗ್ರುಂಟ್‌ಜಿಗ್

ಕೊಯಮತ್ತೂರು: ಎದೆನೋವೆಂದು ಇಲ್ಲಿನ ದೊಡ್ಡಾಸ್ಪತ್ರೆಗಳಿಗೆ ಬರುವ ತಿರುಪ್ಪೂರು, ಅವಿನಾಶಿ, ಮೇಟ್ಟುಪಾಳ್ಯಂ ಕಡೆಯ ಜನರಿಗೆ ಆಂಜಿಯೋ, ಬಲೂನು, ಸ್ಟೆಂಟ್ ಎಂಬ ಮಾತುಗಳು ಈಗ ಹೊಸತಲ್ಲ. ಆದರೆ ಹೃದಯದ ನಾಳಕ್ಕೆ ಮೊದಲು ಬಲೂನು ಹಾಕಿದ ಡಾ. ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರ ಹೆಸರು ಕೇಳಿದವರು ಕಡಿಮೆ.

1939ರ ಜೂನ್ 25ರಂದು ಜರ್ಮನಿಯ ಡ್ರೆಸ್ಡನ್‌ನಲ್ಲಿ ಜನಿಸಿದ ಅವರು, ಮಹಾಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದರು. 1964ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ವೈದ್ಯ ಪದವಿ ಪಡೆದು, 1969ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಬಂದರು.

ಹೃದಯದ ನಾಳ ಕಟ್ಟಿಕೊಂಡರೆ ಆಗ ಮಾತ್ರೆ, ಇಲ್ಲವೇ ಎದೆ ತೆರೆದು ಬೈಪಾಸ್, ಎರಡೇ ದಾರಿ. ಕಾಲಿನ ನಾಳವನ್ನು ಕೊಳವೆ ತೂರಿಸಿ ಹಿಗ್ಗಿಸಬಹುದೆಂದು ಅಮೆರಿಕದ ಡಾ. ಚಾರ್ಲ್ಸ್ ಡಾಟರ್ 1964ರಲ್ಲಿ ತೋರಿಸಿದ್ದರು. ಕೊಳವೆಯ ತುದಿಗೆ ಬಲೂನು ಕಟ್ಟಿ ನಾಳ ಹಿಗ್ಗಿಸಲು ಗ್ರುಂಟ್‌ಜಿಗ್ ಮುಂದಾದರು. ಅಳತೆ ಮೀರಿ ಉಬ್ಬಿದರೆ ನಾಳ ಒಡೆಯುತ್ತದೆ. ಅದಕ್ಕೆ ಪಿವಿಸಿಯ ಗಟ್ಟಿ ಬಲೂನು ಬೇಕಾಯಿತು. ಮನೆಯ ಅಡುಗೆ ಮೇಜಿನ ಮೇಲೆ ಪತ್ನಿ ಮಿಖಾಯೆಲಾ, ಸಹಾಯಕಿ ಮಾರಿಯಾ ಶ್ಲುಂಫ್ ಅವರೊಂದಿಗೆ ಕುಳಿತು ಅದನ್ನು ತಯಾರಿಸಿದರು. 1974ರಲ್ಲಿ ಕಾಲಿನ ನಾಳದಲ್ಲಿ ಬಳಸಿದರು.

1977ರ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬರ ಹೃದಯದ ನಾಳವನ್ನು ಹಿಗ್ಗಿಸಿದರು. ಬಲೂನು ಉಬ್ಬಿದಷ್ಟು ಹೊತ್ತು ಆ ನಾಳದಲ್ಲಿ ರಕ್ತ ನಿಲ್ಲುತ್ತದೆ. ಹೃದಯ ತಡೆದುಕೊಳ್ಳಬೇಕು. ಆದ್ದರಿಂದಲೇ ಅವರು ಒಂದೇ ನಾಳದಲ್ಲಿ ಚಿಕ್ಕ ಅಡಚಣೆಯಿದ್ದವರನ್ನು ಆರಿಸಿ, ಶಸ್ತ್ರವೈದ್ಯರನ್ನೂ ಸಿದ್ಧವಾಗಿಟ್ಟುಕೊಂಡರು. ಆ ನಾಳ ದಶಕಗಳ ನಂತರವೂ ತೆರೆದೇ ಇತ್ತು.

1980ರಲ್ಲಿ ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ ಸೇರಿ, ಅನೇಕ ವೈದ್ಯರಿಗೆ ಈ ವಿದ್ಯೆ ಕಲಿಸಿದರು. 1985ರ ಅಕ್ಟೋಬರ್ 27ರಂದು ತಾವೇ ನಡೆಸುತ್ತಿದ್ದ ಪುಟ್ಟ ವಿಮಾನ ಬಿದ್ದು, ಎರಡನೇ ಪತ್ನಿ ಮಾರ್ಗರೆಟ್ ಆನ್ ಜೊತೆ ಅಸುನೀಗಿದರು. ಆಗ ವಯಸ್ಸು 46. ಮರುವರ್ಷವೇ ಫ್ರಾನ್ಸಿನಲ್ಲಿ ಮನುಷ್ಯರ ಹೃದಯದ ನಾಳಕ್ಕೆ ಮೊದಲ ಸ್ಟೆಂಟ್ ಬಿತ್ತು.

ಅವರು ಆರಿಸದೆ ಬಿಡುತ್ತಿದ್ದಂಥ ರೋಗಿಗಳಿಗೂ ಇಂದು ಸ್ಟೆಂಟ್ ಹಾಕಲಾಗುತ್ತಿದೆ. ಹೃದಯ ತೀರಾ ದುರ್ಬಲವಾಗಿದ್ದು ಮುಖ್ಯ ನಾಳವೇ ಕಟ್ಟಿದ್ದರೆ, ಚಿಕಿತ್ಸೆ ಮುಗಿಯುವತನಕ ಯಂತ್ರದ ಆಸರೆ ಕೊಡುವುದುಂಟು. ಡಾ. ಏಡ್ರಿಯನ್ ಕಾಂಟ್ರೊವಿಟ್ಜ್ 1967ರಲ್ಲಿ ರೋಗಿಗಳಿಗೆ ಬಳಸಿದ ಬಲೂನು ಪಂಪು ಅದರಲ್ಲೊಂದು. ಅದು ದೇಹದ ದೊಡ್ಡ ರಕ್ತನಾಳದಲ್ಲಿದ್ದು, ಹೃದಯ ಸಡಿಲಗೊಂಡಾಗ ಉಬ್ಬುತ್ತದೆ, ಕುಗ್ಗುವಾಗ ತಗ್ಗಿ ಹೊರೆ ಇಳಿಸುತ್ತದೆ. ಇನ್ನೊಂದು ಇಂಪೆಲ್ಲಾ. ಪಂಪ್‌ಸೆಟ್ಟಿನ ಊರಾದ ಕೊಯಮತ್ತೂರಿನವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಾವಿಯ ನೀರೆತ್ತಿದಂತೆ ಹೃದಯದ ಎಡ ಕೋಣೆಯ ರಕ್ತವನ್ನೆಳೆದು ದೊಡ್ಡ ನಾಳಕ್ಕೆ ಬಿಡುತ್ತದೆ.

ಆದರೆ ಇದು ಎಲ್ಲರಿಗೂ ಬೇಕಿಲ್ಲ. ರಕ್ತಸ್ರಾವ, ಕಾಲಿಗೆ ರಕ್ತ ಕಡಿಮೆಯಾಗುವ ಅಪಾಯ ಇದ್ದೇ ಇದೆ. ಅಪಾಯ ಹೆಚ್ಚಿರುವ ರೋಗಿಗಳಿಗೆಲ್ಲ ಮೊದಲೇ ಬಲೂನು ಪಂಪು ಹಾಕಿದರೆ ಆಸ್ಪತ್ರೆಯಲ್ಲಿ ಆಗುವ ತೊಂದರೆಗಳು ಕಡಿಮೆಯಾಗಲಿಲ್ಲವೆಂದು 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ಹೇಳಿತು. ಸಹಿ ಹಾಕುವ ಮುನ್ನ ಯಂತ್ರ ಏಕೆ ಬೇಕು, ಬೈಪಾಸ್ ಮೇಲೋ, ಖರ್ಚೆಷ್ಟು ಎಂದು ಮನೆಯವರು ಕನ್ನಡದಲ್ಲೋ ತಮಿಳಿನಲ್ಲೋ ಕೇಳಿ ತಿಳಿಯಲಿ. ಯಾರಿಗೆ ಯಾವ ಚಿಕಿತ್ಸೆ ಎಂದು ಅಳೆದು ತೂಗಿದ ಗ್ರುಂಟ್‌ಜಿಗ್ ಬಿಟ್ಟುಹೋದ ಪಾಠವೂ ಅದೇ.