ಉಸಿರಿಗಾಗಿ ಒಂದು ಕೋಣೆ

ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ 1871ರ ಜುಲೈ 10ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಅವನ ತಂದೆ ಕಾಲರಾ ಹರಡದಂತೆ ತಡೆಯುವ ಕಾರ್ಯದಲ್ಲಿ ಹೆಸರಾದ ವೈದ್ಯ. 1881ರ ವಸಂತದಲ್ಲಿ ಬೂಲೋನ್ ವನದಲ್ಲಿ ವಿಹರಿಸಿ ಮನೆಯವರೊಡನೆ ಮರಳುತ್ತಿದ್ದ ಬಾಲಕನಿಗೆ ಒಮ್ಮೆಲೇ ಉಸಿರು ಕಟ್ಟಿತು. ಮಗನು ಉಳಿಯಲಾರನೆಂದೇ ಆ ವೈದ್ಯನು ಹೆದರಿದನು.

ಬಾಲಕನು ಉಳಿದನು, ಉಬ್ಬಸವೂ ಉಳಿಯಿತು. ಪರಾಗ, ಧೂಳು, ಸುಗಂಧದ್ರವ್ಯ ಇವು ಅವನಿಗೆ ವೈರಿಗಳಾದವು. ಹೂಗಳನ್ನು ಅಷ್ಟೊಂದು ಒಲಿದವನಿಗೆ ವಸಂತವೇ ಭಯದ ಋತುವಾಯಿತು. ಶ್ವಾಸನಾಳಗಳು ಊದಿಕೊಂಡು ಕಿರಿದಾಗುವ ಈ ವ್ಯಾಧಿಯನ್ನು ಆ ಕಾಲದ ಅನೇಕ ವೈದ್ಯರು ನರಗಳ ದೌರ್ಬಲ್ಯವೆಂದು ಎಣಿಸಿದ್ದರು. ಬೇನೆಯ ಜೊತೆಗೆ ಮನೋಬಲವಿಲ್ಲದವನೆಂಬ ಸಂದೇಹವನ್ನೂ ರೋಗಿಯು ಹೊರಬೇಕಾಗಿತ್ತು. 1905ರ ಕೊನೆಯಲ್ಲಿ ಪ್ರೂಸ್ತನು ನರರೋಗದ ಚಿಕಿತ್ಸಾಲಯವೊಂದನ್ನು ಸೇರಿದನು. ಕೆಲವು ವಾರಗಳ ಬಳಿಕ ಗುಣ ಕಾಣದೆ ಹೊರಬಂದನು.

ರೋಗವು ಬಿಡದೆಂದರಿತು ಬದುಕನ್ನೇ ಅದಕ್ಕೆ ಹೊಂದಿಸಿಕೊಂಡನು. ಹಗಲು ನಿದ್ರೆ, ಇರುಳು ಬರವಣಿಗೆ. ಓಸ್ಮಾನ್ ಬೀದಿಯ ಮನೆಯಲ್ಲಿ ಕಿಟಕಿಗಳು ಮುಚ್ಚಿರುತ್ತಿದ್ದವು. ಗದ್ದಲ ತಡೆಯಲು 1910ರಲ್ಲಿ ಮಲಗುವ ಕೋಣೆಯ ಗೋಡೆಗಳಿಗೆ ಕಾರ್ಕ್ ಹಲಗೆಗಳನ್ನು ಹೊದಿಸಲಾಯಿತು. ಔಷಧದ ಪುಡಿಯನ್ನು ಸುಟ್ಟು, ಆ ದಟ್ಟ ಹೊಗೆಯನ್ನು ಸೇದಿ, ಉಸಿರು ತಿಳಿಯಾದ ಮೇಲೆ ಹಾಸಿಗೆಯಲ್ಲೇ ಒರಗಿ ಬರೆಯುತ್ತಿದ್ದನು. ಇದನ್ನು ಸಿರಿವಂತನ ವಿಲಾಸವೆನ್ನುವುದು ಸರಿಯಲ್ಲ. ಆದರೂ ಪಿತ್ರಾರ್ಜಿತ ಧನವಿಲ್ಲದ ರೋಗಿಗೆ ಇಂಥ ಕೋಣೆ ಎಲ್ಲಿ ದೊರೆತೀತು?

ಏಳು ಭಾಗಗಳ ಮಹಾಕಾದಂಬರಿ ‘ಕಳೆದ ಕಾಲದ ಅನ್ವೇಷಣೆ’ ಬಹುಮಟ್ಟಿಗೆ ಅಲ್ಲಿಯೇ ಬೆಳೆಯಿತು. ಪ್ರಕಾಶಕರು ನಿರಾಕರಿಸಲು, ಮೊದಲ ಭಾಗವನ್ನು 1913ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದನು. ಎರಡನೆಯದಕ್ಕೆ 1919ರಲ್ಲಿ ಗೊಂಕೂರ್ ಪ್ರಶಸ್ತಿ ಬಂದಿತು. 1922ರ ನವೆಂಬರ್ 18ರಂದು ನ್ಯುಮೋನಿಯಾದಿಂದ ಮಡಿದಾಗ ಕೊನೆಯ ಮೂರು ಭಾಗಗಳು ಇನ್ನೂ ಅಚ್ಚಾಗಿರಲಿಲ್ಲ. ವೈದ್ಯನಾಗಿದ್ದ ತಮ್ಮ ರೋಬೆರ್ ಅವುಗಳ ಪ್ರಕಟಣೆಗೆ ನಿಂತನು. ಕೊನೆಯದು 1927ರಲ್ಲಿ ಹೊರಬಂದಿತು.