ಹಡಗಿನ ರಾಟೆಯಿಂದ ನದಿಯಡಿಯ ಸುರಂಗದವರೆಗೆ

ಅಪ್ಪನ ಮರಗೆಲಸದ ಶೆಡ್ಡಿಗೆ ಹೋದ ವರ್ಷ ಬ್ಯಾಂಕ್ ಸಾಲದಲ್ಲಿ ಸಿಎನ್‌ಸಿ ರೂಟರ್ ಬಂತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಮೇಜು, ಅದರ ಮೇಲೆ ಓಡಾಡುವ ಸ್ಪಿಂಡಲ್, ಪಕ್ಕದಲ್ಲೊಂದು ಕಂಪ್ಯೂಟರ್. ಹಲಗೆ ಬಿಗಿದು, ಬಿಟ್ ಹಾಕಿ, ಫೈಲ್ ಕೊಟ್ಟರೆ ನಿಮಿಷಕ್ಕೆ 18 ಸಾವಿರ ಸುತ್ತು ತಿರುಗುತ್ತಾ ದೇವರ ಮನೆ ಬಾಗಿಲಿನ ಜಾಲಿಯನ್ನು ಕೊರೆದುಬಿಡುತ್ತದೆ. ಅದೇ ಜಾಲಿಗೆ ನಮ್ಮ ಶೆಡ್ಡಿನ ಕೆತ್ತನೆಗಾರರು, ನಾನು ಮಾವ ಎಂದೇ ಕರೆಯುವವರು, ಎರಡು ದಿನ ಉಳಿ ಹಿಡಿಯುತ್ತಿದ್ದರು. ಈಗ ಅವರು ವಾರಕ್ಕೆ ಎರಡು ದಿನ ಮಾತ್ರ ಬರುತ್ತಾರೆ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಾ ಆ ಯಂತ್ರದ ಮುಂದೆ ಕೂರುವ ನನಗೆ, ಬಡಗಿಯ ಕೈಯಿಂದ ಉಳಿಯನ್ನು ಮೊದಲು ಕಸಿದವರು ಯಾರು ಎಂಬ ಪ್ರಶ್ನೆ ಬಿಡದೆ ಕಾಡಿತು. ಹುಡುಕಿದಾಗ ಸಿಕ್ಕ ದೊಡ್ಡ ಹೆಸರು ಮಾರ್ಕ್ ಇಸಂಬಾರ್ಡ್ ಬ್ರೂನೆಲ್. ಸೇತುವೆ, ರೈಲು, ಹಡಗುಗಳಿಂದ ಹೆಸರಾದ ಇಸಂಬಾರ್ಡ್ ಕಿಂಗ್‌ಡಂ ಬ್ರೂನೆಲ್ ಈತನ ಮಗ. ಮಗನ ಕೀರ್ತಿಯ ನೆರಳಲ್ಲಿ ಅಪ್ಪ ಸ್ವಲ್ಪ ಮರೆಯಾಗಿದ್ದಾನೆ.

ಬ್ರೂನೆಲ್ ಹುಟ್ಟಿದ್ದು 1769ರಲ್ಲಿ, ಫ್ರಾನ್ಸ್‌ನ ನಾರ್ಮಂಡಿಯ ಹಳ್ಳಿಯೊಂದರ ಅನುಕೂಲಸ್ಥ ರೈತನ ಮನೆಯಲ್ಲಿ. ಎರಡನೆಯ ಮಗನಾದ್ದರಿಂದ ಪಾದ್ರಿಯಾಗಬೇಕು ಎಂಬುದು ಅಪ್ಪನ ತೀರ್ಮಾನ. ಹುಡುಗನಿಗೋ ಚಿತ್ರ, ಗಣಿತ ಮತ್ತು ಬಡಗಿಯ ಅಂಗಡಿ. ಕೊನೆಗೆ ಗುರುಗಳೇ ಇವನು ಪಾದ್ರಿಯಾಗುವವನಲ್ಲ ಎಂದು ಒಪ್ಪಿಕೊಂಡರು. ಆರು ವರ್ಷ ನೌಕಾಪಡೆಯಲ್ಲಿದ್ದು ಮರಳುವ ಹೊತ್ತಿಗೆ ದೇಶದಲ್ಲಿ ಕ್ರಾಂತಿ. ರಾಜನ ಪರವಾಗಿ ಬಾಯಿಬಿಟ್ಟವರ ತಲೆ ಉರುಳುತ್ತಿದ್ದ ಕಾಲ, ಬ್ರೂನೆಲ್ ಬಾಯಿಬಿಟ್ಟಿದ್ದ. 1793ರಲ್ಲಿ ಪ್ರೀತಿಸಿದ ಇಂಗ್ಲಿಷ್ ಹುಡುಗಿ ಸೋಫಿಯಾ ಕಿಂಗ್‌ಡಂಳನ್ನು ಅಲ್ಲೇ ಬಿಟ್ಟು ಅಮೆರಿಕಕ್ಕೆ ಓಡಿಹೋದ. ಆಕೆ ಕೆಲಕಾಲ ಸೆರೆಯಲ್ಲಿದ್ದು, ಬದುಕಿ ಇಂಗ್ಲೆಂಡ್ ಸೇರಿದಳು.

ನ್ಯೂಯಾರ್ಕಿನಲ್ಲಿ ಆತ ನಗರದ ಮುಖ್ಯ ಎಂಜಿನಿಯರ್ ಆದ. ನೌಕರಿ ಭದ್ರವಾಗಿತ್ತು. ಆದರೆ 1798ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮನೆಯ ಊಟದಲ್ಲಿ ಕಿವಿಗೆ ಬಿದ್ದ ಸುದ್ದಿಯೊಂದು ಆತನ ದಿಕ್ಕು ಬದಲಿಸಿತು. ಬ್ರಿಟಿಷ್ ನೌಕಾಪಡೆಗೆ ಹಡಗಿನ ರಾಟೆಗಳು ಸಾಲುತ್ತಿಲ್ಲವಂತೆ.

ನಮ್ಮ ಬಾವಿಯ ಗಡಗಡೆಯನ್ನು ನೆನಪಿಸಿಕೊಳ್ಳಿ. ಹಾಯಿ ಎತ್ತಿಳಿಸಲು, ಫಿರಂಗಿ ಎಳೆಯಲು ಹಡಗಿನಲ್ಲಿ ಬೇಕಾಗಿದ್ದದ್ದು ಅಂಥವೇ ಮರದ ರಾಟೆಗಳು. ದೊಡ್ಡ ಯುದ್ಧನೌಕೆಯೊಂದಕ್ಕೆ ಸುಮಾರು ಸಾವಿರ, ಇಡೀ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ. ಬಹುಪಾಲು ಕೈಕೆಲಸ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಚಕ್ರ ಸಿಕ್ಕಿಕೊಂಡರೆ ಹಗ್ಗ ನಿಲ್ಲುತ್ತದೆ, ಬಿರುಗಾಳಿಯಲ್ಲೋ ಯುದ್ಧದಲ್ಲೋ ಹಗ್ಗ ನಿಂತರೆ ಹಡಗೇ ಹೋಗುತ್ತದೆ.

1799ರ ಮಾರ್ಚ್‌ನಲ್ಲಿ ಬ್ರೂನೆಲ್ ಇಂಗ್ಲೆಂಡಿಗೆ ಬಂದಿಳಿದ, ನವೆಂಬರಿನಲ್ಲಿ ಸೋಫಿಯಾಳನ್ನು ಮದುವೆಯಾದ. 1801ರಲ್ಲಿ ರಾಟೆ ಮಾಡುವ ಯಂತ್ರಗಳಿಗೆ ಪೇಟೆಂಟ್ ಪಡೆದು, ನೌಕಾಪಡೆಗೆ ರಾಟೆ ಪೂರೈಸುತ್ತಿದ್ದ ಸೌತಾಂಪ್ಟನ್ನಿನ ಫಾಕ್ಸ್ ಮತ್ತು ಟೇಲರ್ ಕಾರ್ಖಾನೆಗೆ ತೋರಿಸಿದ. ತಮ್ಮ ವಿಧಾನಕ್ಕಿಂತ ಉತ್ತಮವಾದದ್ದು ಸಾಧ್ಯವಿಲ್ಲ ಎಂದು ಅವರು ಬೇಡವೆಂದರು. ಕೆಲವೇ ವರ್ಷಗಳಲ್ಲಿ ಆ ಗುತ್ತಿಗೆ ಅವರ ಕೈತಪ್ಪಿತು. ಬ್ರೂನೆಲ್ ಕೈಹಿಡಿದವನು ನೌಕಾ ಕಾಮಗಾರಿಗಳ ಮುಖ್ಯಸ್ಥ ಸ್ಯಾಮ್ಯುಯೆಲ್ ಬೆಂಥಮ್. ಮರಗೆಲಸದ ಯಂತ್ರಗಳಿಗೆ ತಾನೇ ಪೇಟೆಂಟ್ ಪಡೆದಿದ್ದವನು, ಅಸೂಯೆಪಡದೆ ಬ್ರೂನೆಲ್‌ನ ಯೋಜನೆ ತನ್ನದಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿದ. ಇಂಥ ಅಧಿಕಾರಿ ಸಿಗುವುದು ಅಪರೂಪ. ಯಂತ್ರಗಳನ್ನು ಕಬ್ಬಿಣದಲ್ಲಿ ಮಾಡಿಕೊಟ್ಟವನು ಹೆನ್ರಿ ಮಾಡ್ಸ್ಲೆ ಎಂಬ ಅಸಾಧಾರಣ ಕುಶಲಿ. ಅವನಿಲ್ಲದಿದ್ದರೆ ಬ್ರೂನೆಲ್‌ನ ನಕ್ಷೆಗಳು ಕಾಗದದಲ್ಲೇ ಉಳಿಯುತ್ತಿದ್ದವು ಎಂಬುದು ನನ್ನ ಅನಿಸಿಕೆ.

ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಸುಮಾರು 45 ಯಂತ್ರಗಳು ನಿಂತವು. ಎಲ್ಮ್ ಮರದ ದಿಮ್ಮಿಯನ್ನು ಒಂದು ಕತ್ತರಿಸಿತು, ಒಂದು ತೂತು ಕೊರೆಯಿತು. ಮುಂದಿನದು ಆ ತೂತಿನಿಂದ ಶುರುಮಾಡಿ ಮೇಲೆ ಕೆಳಗೆ ಆಡುವ ಉಳಿಯಿಂದ ಚಕ್ರ ಕೂರುವ ಕಿಂಡಿ ತೆಗೆಯಿತು. ಉಳಿಯ ಪ್ರತಿ ಏಟಿಗೂ ಮರ ತಾನಾಗಿ ಒಂದಿಷ್ಟು ಮುಂದೆ ಸರಿಯುತ್ತಿತ್ತು. ಇನ್ನೊಂದರಲ್ಲಿ ದೊಡ್ಡ ಚಕ್ರದ ಸುತ್ತ ಹತ್ತು ರಾಟೆಗಳನ್ನು ಒಟ್ಟಿಗೆ ಬಿಗಿದು ತಿರುಗಿಸಿದರೆ, ಕತ್ತರಿಸುವ ಅಲಗು ಒಂದು ಕಬ್ಬಿಣದ ಅಚ್ಚಿನ ಉಬ್ಬುತಗ್ಗನ್ನು ಅನುಸರಿಸಿ ಹತ್ತಕ್ಕೂ ಒಂದೇ ದುಂಡು ಕೊಡುತ್ತಿತ್ತು. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ನಮ್ಮ ರೂಟರ್ ಕಡೆ ನೋಡಿದೆ. ಅಲಗು ಎಲ್ಲಿಗೆ ಹೋಗಬೇಕೆಂಬ ಆಜ್ಞೆ ಅಂದು ಕಬ್ಬಿಣದ ಅಚ್ಚಿನಲ್ಲಿತ್ತು, ಇಂದು ಜಿ-ಕೋಡ್ ಎಂಬ ಸಾಲುಗಳಲ್ಲಿದೆ. ವಿನ್ಯಾಸ ಬದಲಾದರೆ ಬ್ರೂನೆಲ್ ಹೊಸ ಅಚ್ಚು ಎರೆಯಿಸಬೇಕಿತ್ತು, ನಾನು ಫೈಲ್ ಬದಲಿಸಿದರೆ ಸಾಕು. ನಾಲ್ಕು ಬಾಗಿಲು ಮಾತ್ರ ಬೇಕೆನ್ನುವ ಗಿರಾಕಿಗೂ ನಮ್ಮಂಥ ಸಣ್ಣ ಶೆಡ್ಡು ಕೆಲಸ ಮಾಡಿಕೊಡಲು ಸಾಧ್ಯವಾಗಿರುವುದು ಇದರಿಂದಲೇ. ಒಂದು ವಿಷಯದಲ್ಲಿ ಮಾತ್ರ ಆತನ ಯಂತ್ರ ಮುಂದಿತ್ತು. ದುಂಡಗೆ ತಿರುಗುವ ನಮ್ಮ ಬಿಟ್ ಒಳಮೂಲೆಯನ್ನು ಚೂಪಾಗಿ ತೆಗೆಯಲಾರದು, ಆ ಮೂಲೆಗಳಿಗೆ ಈಗಲೂ ಮಾವನ ಉಳಿಯೇ ಬೇಕು.

1808ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ 1 ಲಕ್ಷ 30 ಸಾವಿರ ರಾಟೆಗಳು ತಯಾರಾದವು. 110 ನುರಿತ ಕೆಲಸಗಾರರ ಕೆಲಸವನ್ನು ಹತ್ತು ಮಂದಿ ಸಾಮಾನ್ಯ ಕೂಲಿಗಳು ಮಾಡಿದರು. ಬ್ರೂನೆಲ್ ಬಗ್ಗೆ ಬರೆದವರೆಲ್ಲ ಹೆಮ್ಮೆಯಿಂದ ಕೊಡುವ ಅಂಕಿ ಇದು. ನನಗೆ ಓದಿದಾಗಲೆಲ್ಲ ಆ ಉಳಿದ ನೂರು ಮಂದಿಯೇ ಕಣ್ಣಮುಂದೆ ಬರುತ್ತಾರೆ.

ಹಾಗೆಂದು ಯಂತ್ರ ಮಾಡಿದವನೂ ಸುಖಪಡಲಿಲ್ಲ. ಸರ್ಕಾರ ಹಲವು ವರ್ಷ ಸತಾಯಿಸಿ, ಕೊನೆಗೆ ಸುಮಾರು 17 ಸಾವಿರ ಪೌಂಡ್ ಕೊಟ್ಟಿತು. ಬ್ರೂನೆಲ್ ಲಂಡನ್ನಿನ ಬ್ಯಾಟರ್ಸಿಯಲ್ಲಿ ಹಬೆಯಂತ್ರದ ಸಾಮಿಲ್ ಹಾಕಿದ. 1814ರಲ್ಲಿ ಅದು ಸುಟ್ಟುಹೋಯಿತು. ಯುದ್ಧದಿಂದ ಕಾಲಿಗೆ ಬಟ್ಟೆ ಸುತ್ತಿಕೊಂಡು ಮರಳಿದ ಸೈನಿಕರನ್ನು ಕಂಡು ಬೂಟು ತಯಾರಿಸುವ ಯಂತ್ರಗಳನ್ನು ಮಾಡಿದ. ಅವನ್ನು ನಡೆಸಿದವರು ಗಾಯಗೊಂಡು ನಿವೃತ್ತರಾದ ಸೈನಿಕರೇ. 1815ರಲ್ಲಿ ಯುದ್ಧ ಮುಗಿಯಿತು, ಸರ್ಕಾರ ಬೂಟು ಕೊಳ್ಳುವುದನ್ನು ನಿಲ್ಲಿಸಿತು, ಗೋದಾಮಿನ ತುಂಬ ಮಾಲು ಉಳಿಯಿತು. ಲೆಕ್ಕಪತ್ರದಲ್ಲಿ ಆತ ಮೊದಲಿನಿಂದಲೂ ದಡ್ಡ. 1821ರಲ್ಲಿ ಸಾಲಗಾರರ ಜೈಲು ಸೇರಿದ. ಸೋಫಿಯಾಳೂ ಜೊತೆಗೆ ಹೋಗಿ ಅಲ್ಲೇ ಉಳಿದಳು. ರಷ್ಯಾಕ್ಕೆ ಹೋಗಿ ಚಕ್ರವರ್ತಿಯ ಬಳಿ ಕೆಲಸ ಮಾಡುತ್ತೇನೆ ಎಂದು ಆತ ಪತ್ರವ್ಯವಹಾರ ಶುರುಮಾಡಿದ ಮೇಲೆ ಸರ್ಕಾರ ಎಚ್ಚೆತ್ತು 5 ಸಾವಿರ ಪೌಂಡ್ ಕೊಟ್ಟು ಬಿಡಿಸಿತು.

ಆಗ ಆತನಿಗೆ 52 ವರ್ಷ. ದೊಡ್ಡ ಕೆಲಸ ಇನ್ನೂ ಬಾಕಿಯಿತ್ತು, ಅದಕ್ಕೂ ದಾರಿ ತೋರಿದ್ದು ಮರವೇ. ಹಡಗಿನ ಹಲಗೆ ಕೊರೆಯುವ ಹುಳು ತಲೆಯ ಗಟ್ಟಿ ಚಿಪ್ಪಿನಿಂದ ಮುಂದೆ ಕೊರೆಯುತ್ತಾ, ಹಿಂದಿನ ಬಿಲದ ಗೋಡೆಗೆ ಸುಣ್ಣದಂಥ ಪದರ ಬಳಿಯುತ್ತಾ ಸಾಗುವುದನ್ನು ಆತ ಗಮನಿಸಿದ್ದ. ಅದೇ ರೀತಿಯಲ್ಲಿ ಕಬ್ಬಿಣದ ದೊಡ್ಡ ಗುರಾಣಿ ಮಾಡಿಸಿದ. ಅದರ 36 ಗೂಡುಗಳಲ್ಲಿ ನಿಂತ ಕೆಲಸಗಾರರು ಮುಂದಿನ ಮಣ್ಣನ್ನು ಅಗೆಯುವುದು, ಹಿಂದೆ ಇಟ್ಟಿಗೆ ಕಟ್ಟುವುದು. 1825ರಲ್ಲಿ ಥೇಮ್ಸ್ ನದಿಯಡಿ ಸುರಂಗ ಶುರುವಾಯಿತು. 1827ರಲ್ಲಿ ನೀರು ನುಗ್ಗಿತು. 1828ರಲ್ಲಿ ಮತ್ತೆ ನುಗ್ಗಿ ಆರು ಜನ ಸತ್ತರು, ಮಗ ಇಸಂಬಾರ್ಡ್ ಕೂದಲೆಳೆಯಲ್ಲಿ ಬದುಕಿದ. ದುಡ್ಡು ಮುಗಿದು ಏಳು ವರ್ಷ ಕೆಲಸ ನಿಂತಿತು. 1843ರಲ್ಲಿ ಸುರಂಗ ತೆರೆದಾಗ ಬ್ರೂನೆಲ್‌ಗೆ 73 ಮುಗಿದಿತ್ತು, ಪಾರ್ಶ್ವವಾಯು ಬಡಿದಿತ್ತು. ಹಡಗು ಓಡಾಡುವ ನದಿಯ ಅಡಿಯಲ್ಲಿ ಜಗತ್ತಿನಲ್ಲೇ ಮೊದಲು ಕೊರೆದ ಸುರಂಗ ಅದು.

1849ರ ಡಿಸೆಂಬರ್ 12ರಂದು ಲಂಡನ್ನಿನಲ್ಲಿ ಆತ ತೀರಿಕೊಂಡ. ಸೋಫಿಯಾ ಇನ್ನೂ ಕೆಲವು ವರ್ಷ ಬದುಕಿದ್ದಳು. ಸುರಂಗದಲ್ಲಿ ಇಂದಿಗೂ ಲಂಡನ್ ಓವರ್‌ಗ್ರೌಂಡ್ ರೈಲು ಓಡುತ್ತದೆ. ರಾಟೆಯ ಯಂತ್ರಗಳಲ್ಲಿ ಕೆಲವು ನೂರು ವರ್ಷಕ್ಕೂ ಹೆಚ್ಚು ಕಾಲ ದುಡಿದವು. ಒಂದಿಷ್ಟು ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಚಿತ್ರವನ್ನು ಮೊಬೈಲಿನಲ್ಲಿ ಮಾವನಿಗೆ ತೋರಿಸಿದೆ. ಅವರು ಕಿಂಡಿ ತೆಗೆಯುವ ಯಂತ್ರದ ಚಿತ್ರವನ್ನು ದೊಡ್ಡದು ಮಾಡಿ, ಉಳಿಯನ್ನು ಯಾವ ಕೋನಕ್ಕೆ ಮಸೆದಿದ್ದಾರೆ ಎಂದು ಬಹಳ ಹೊತ್ತು ನೋಡಿದರು.